ಹುಚ್ಚೆಳ್ಳಿಗೆ ಅಮ್ಮ ಇಟ್ಟಿದ್ದ ಹೆಸರು

ಈ ವರ್ಷ ಸಂಕ್ರಾಂತಿ ಕಳೆದ ಮರುವಾರ, ಸೋಮವಾರ ಬೆಳಗ್ಗೆ, ಗಾವಡಗೆರೆಯ ನಮ್ಮ ಮನೆಯಲ್ಲಿ ನನ್ನ ಅಮ್ಮ ನಿಂಗಮ್ಮ ರೊಟ್ಟಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಏನನ್ನೋ ಕೇಳಲು ಬಾಯಿ ತೆರೆದು, ಪದ ಸಿಗದೆ ಮುಚ್ಚಿಕೊಂಡಳು. ದೀಪಾವಳಿ ಆದಮೇಲೆ ಆಕೆಗೆ ಲಕ್ವ ಹೊಡೆದಿತ್ತು. ಕೈಕಾಲು ಸುಧಾರಿಸಿದ್ದವು, ಮಾತು ಅರ್ಧ ಬಂದಿತ್ತು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಏನೋ ಸಣ್ಣ ಕಾಳನ್ನು ಉಜ್ಜುವಂತೆ ಮಾಡಿ ನನ್ನ ಮುಖ ನೋಡಿದಳು. ಕೇಳುತ್ತಿರುವುದು ಹುಚ್ಚೆಳ್ಳಿನ ಚಟ್ನಿ ಎಂದು ನನಗೆ ತಕ್ಷಣ ತಿಳಿಯಿತು. ಆದರೆ ಅಮ್ಮ ಹುಚ್ಚೆಳ್ಳನ್ನು ಹುಚ್ಚೆಳ್ಳು ಎಂದವಳೇ ಅಲ್ಲ. ಅದಕ್ಕೆ ಆಕೆಯದೇ ಒಂದು ಪದವಿತ್ತು. ನನ್ನ ಬಾಲ್ಯವಿಡೀ ಕಿವಿಗೆ ಬಿದ್ದ ಪದ. ಅದು ನನ್ನ ನಾಲಿಗೆಯ ತುದಿಯವರೆಗೆ ಬಂತು, ಅಲ್ಲೇ ನಿಂತಿತು.

“ಹುಚ್ಚೆಳ್ಳಾ ಅಮ್ಮ?”

ಅಮ್ಮ ಹಣೆ ಬಡಿದುಕೊಂಡಳು.

“ಅದಲ್ಲ. ಅದು. ಅದೂ…”

“ಗೊತ್ತಾಯ್ತು ಬುಡಮ್ಮ, ಮಾಡ್ತೀವಿ.”

“ಗೊತ್ತಾದ್ರೆ ಯೋಳು.”

ನನಗೆ ಹೇಳಲಾಗಲಿಲ್ಲ. ಮೈಸೂರಿನ ಪತ್ರಿಕೆಯೊಂದರ ಡೆಸ್ಕಿನಲ್ಲಿ ಬೇರೆಯವರ ಪದಗಳನ್ನು ತಿದ್ದಿಯೇ ನಿವೃತ್ತಳಾದವಳು ನಾನು. ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು. ಅಂದು ಮತ್ತೆ ಮಾತಾಡಲಿಲ್ಲ.

ಇದಕ್ಕೆಲ್ಲ ಕಾರಣ ಎರಡು ಹೆಸರು. ಅಪ್ಪನ ಹೆಸರು ಹುಚ್ಚೇಗೌಡ, ಅಜ್ಜನ ಹೆಸರು ಕರಿಗೌಡ. ಗಂಡನ ಹೆಸರನ್ನೂ ಮಾವನ ಹೆಸರನ್ನೂ ಹೆಂಗಸು ಬಾಯಲ್ಲಿ ಆಡಬಾರದು ಎಂಬುದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇದ್ದ ಪದ್ಧತಿ. ನಮ್ಮ ಅಜ್ಜಿ ಅದನ್ನು ಇನ್ನಷ್ಟು ಬಿಗಿ ಮಾಡಿದ್ದಳು. ಹೆಸರು ಮಾತ್ರವಲ್ಲ, ಹೆಸರಿನ ತುಂಡು ಅಂಟಿಕೊಂಡಿರುವ ಯಾವ ಪದವನ್ನೂ ಸೊಸೆ ಆಡುವಂತಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಅಮ್ಮ ಒಲೆಯ ಮುಂದೆ ಕೂತು ಕರಿಬೇವು ಕೇಳಿದಳಂತೆ. ಅಜ್ಜಿ ಕೊಟ್ಟ ಉತ್ತರವನ್ನು ಅಮ್ಮ ನಮಗೆ ಅಜ್ಜಿಯ ಧ್ವನಿಯಲ್ಲೇ ಎಷ್ಟೋ ಸಲ ಹೇಳಿ ತೋರಿಸಿದ್ದಾಳೆ. ಆ ಕಥೆ ಹೇಳುವಾಗಲೂ ಕರಿಬೇವು ಎನ್ನುತ್ತಿರಲಿಲ್ಲ. ಒಂದು ಎಸಳನ್ನು ಎತ್ತಿ ತೋರಿಸಿ ಮುಂದುವರಿಯುತ್ತಿದ್ದಳು.

“ಮಾವನ್ನೇ ತಕ್ಕಂಡು ಒಗ್ಗರಣೆಗೆ ಆಕ್ತೀಯೇನೆ?”

ಅಜ್ಜ ನಾನು ಹುಟ್ಟುವ ಮುಂಚೆಯೇ ತೀರಿಕೊಂಡಿದ್ದ. ಆದರೂ ಅವನ ಹೆಸರು ನಮ್ಮ ಅಡುಗೆಮನೆಯಲ್ಲಿ ಕಾವಲಿತ್ತು. ಅಮ್ಮನಿಗೆ ಕರಿಬೇವು ಒಗ್ಗರಣೆ ಸೊಪ್ಪಾಯಿತು. ಕೊಟ್ಟಿಗೆಯಲ್ಲಿದ್ದ ಕರಿ ಹಸು ಕತ್ತಲೆ ಹಸುವಾಯಿತು. ಹಪ್ಪಳವನ್ನು ಕರಿಯುವಂತಿಲ್ಲ, ಆದ್ದರಿಂದ ಆಕೆ ಅದನ್ನು ಎಣ್ಣೆಯಲ್ಲಿ ಈಜಾಡಿಸುತ್ತಿದ್ದಳು. ಹುಚ್ಚು ಎನ್ನಬೇಕಾದ ಕಡೆ ತಿಕ್ಕಲು ಎನ್ನುತ್ತಿದ್ದಳು. ಅಜ್ಜಿಗೆ ಹುಚ್ಚ ಹೊಟ್ಟೆಯ ಮಗ, ಅವಳು ಜಗಲಿಯಲ್ಲಿ ನಿಂತು ಹೆಸರು ಹಿಡಿದೇ ‘ಊಟಕ್ ಬಾರ್ಲಾ’ ಎಂದು ಬೀದಿಗೆಲ್ಲ ಕೇಳುವಂತೆ ಕೂಗಬಹುದಿತ್ತು. ಕರಿ ಮಾತ್ರ ಅವಳಿಗೂ ಆಗದು. ಅವಳು ಕರಿ ಬಣ್ಣವನ್ನು ಮಸಿ ಎನ್ನುತ್ತಿದ್ದಳು. ಹೀಗೆ ಒಂದೇ ಹಸು ಅಜ್ಜಿಗೆ ಮಸಿ ಹಸು, ಅಮ್ಮನಿಗೆ ಕತ್ತಲೆ ಹಸು, ಅಪ್ಪನಿಗೆ ಕರಿ ಹಸು, ಶಾಲೆಯ ಪುಸ್ತಕದಲ್ಲಿ ಕಪ್ಪು ಹಸು. ಹಸು ಬಿಚ್ಚಿಕೊಂಡು ಬಾ ಎಂದರೆ ಯಾರ ಬಾಯಿಂದ ಮಾತು ಬಂತು ಎಂದು ಮೊದಲು ನೋಡಿಕೊಂಡು ಆಮೇಲೆ ಹಗ್ಗಕ್ಕೆ ಕೈ ಹಾಕಬೇಕಿತ್ತು. ಬೇರೆ ಮನೆಗಳ ಮಕ್ಕಳು ಇಷ್ಟು ಲೆಕ್ಕ ಹಾಕದೆ ಬದುಕುತ್ತಾರೆಂದು ನನಗೆ ಗೊತ್ತಾದದ್ದು ಶಾಲೆಗೆ ಸೇರಿದ ಮೇಲೆ. ‘ನಮ್ಮ ಮನೆಯ ಹಬ್ಬ’ ಎಂಬ ಪ್ರಬಂಧದಲ್ಲಿ ನಾನು ‘ಅಮ್ಮ ಹಪ್ಪಳವನ್ನು ಎಣ್ಣೆಯಲ್ಲಿ ಈಜಾಡಿಸುತ್ತಾಳೆ’ ಎಂದು ಬರೆದಿದ್ದೆ. ಮೇಷ್ಟ್ರು ಅದನ್ನು ತರಗತಿಗೆಲ್ಲ ಓದಿ ಹೇಳಿದರು. ಮನೆಗೆ ಬಂದವಳೇ ಚೀಲವನ್ನು ನಡುಮನೆಗೆ ಎಸೆದೆ.

“ಎಲ್ರಂಗೆ ಸರಿಯಾದ್ ಮಾತು ಆಡಕ್ಕಾಗಲ್ವಾ ನಿಂಗೆ? ಎಲ್ರೂ ನಗ್ತಾರೆ.”

ಅಮ್ಮ ಒರಳಿನಿಂದ ಕೈ ತೆಗೆಯಲಿಲ್ಲ.

“ನಿಮ್ಮೇಷ್ಟ್ರು ಬಂದು ನಿಮ್ಮಜ್ಜಿ ಕೂಟೆ ಒಂದಿನ ಬಾಳ್ವೆ ಮಾಡ್ಲಿ. ಆಮ್ಯಾಕೆ ನಗ್ಲಿ.”

ಆ ಒರಳಿನಲ್ಲಿ ಅಂದು ರುಬ್ಬುತ್ತಿದ್ದದ್ದೂ ಬಹುಶಃ ಹುಚ್ಚೆಳ್ಳೇ. ರಾಗಿ ಹೊಲದಲ್ಲಿ ನಡುನಡುವೆ ಬಿಡುವ ಅಕ್ಕಡಿ ಸಾಲಿಗೆ ಅದನ್ನು ಹಾಕುತ್ತಿದ್ದೆವು. ರಾಗಿ ಹಸಿರಿನ ನಡುವೆ ಹಳದಿ ಹೂವಿನ ಗೆರೆ ಎದ್ದು ಕಾಣುತ್ತಿತ್ತು. ಕೊಯ್ದು ಬಡಿದ ಕಾಳನ್ನು ಅಮ್ಮ ಅಟ್ಟದ ಮೇಲಿನ ಮಡಕೆಯಲ್ಲಿ ತುಂಬಿಡುತ್ತಿದ್ದಳು. ಬೇಕೆಂದಾಗ ಬಾಣಲೆಯಲ್ಲಿ ಚಟಪಟ ಎನ್ನುವ ತನಕ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು, ಉಪ್ಪು ಸೇರಿಸಿ ರುಬ್ಬುತ್ತಿದ್ದಳು. ಮಡಕೆ ಇಳಿಸಲು ಅಟ್ಟ ಹತ್ತುತ್ತಿದ್ದವಳು ನಾನು. ಕೆಳಗೆ ನಿಂತು ಅಮ್ಮ ಆ ಪದವನ್ನು ಕೂಗುತ್ತಿದ್ದಳು. ಏಣಿಯ ಮೆಟ್ಟಿಲು ನೆನಪಿದೆ, ಅಟ್ಟದ ಧೂಳು ನೆನಪಿದೆ, ಮಡಕೆಯ ಬಾಯಿಗೆ ಕಟ್ಟಿದ್ದ ಹಳೇ ಸೀರೆಯ ತುಂಡಿನ ಅಂಚು ನೆನಪಿದೆ. ಕೂಗಿದ ಪದ ಮಾತ್ರ ಇಲ್ಲ.

ಅಮ್ಮನಿಗೆ ಪದ ಕೈಕೊಟ್ಟದ್ದು ಇದೇ ಮೊದಲಲ್ಲ. ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗಿನ ಮಾತು. ಬೇಸಿಗೆಯ ಮಧ್ಯಾಹ್ನ. ಅಪ್ಪ ನಡುಮನೆಯಲ್ಲಿ ಕೂತು ಹೊಗೆಸೊಪ್ಪು ವಿಂಗಡಿಸುತ್ತಿದ್ದ. ಅಮ್ಮ ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದಳು, ನಾನು ಪಕ್ಕದಲ್ಲಿದ್ದೆ. ಬೀದಿಯ ತುದಿಯಿಂದ ಒಂದು ನಾಯಿ ಜೊಲ್ಲು ಸುರಿಸುತ್ತ, ತಲೆ ತಗ್ಗಿಸಿ ನೇರ ನಮ್ಮ ಮನೆಯ ಕಡೆಗೆ ಬರುತ್ತಿತ್ತು. ನೋಡಿದ ತಕ್ಷಣ ತಿಳಿಯುವಂಥ ನಾಯಿ. ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಅಮ್ಮ ಎದ್ದು ನಿಂತಳು, ಕೂಗಲು ಬಾಯಿ ತೆರೆದಳು. ‘ತಿಕ್ಕಲು’ ಎಂಬ ಪದ, ಮೂರು ಹೊತ್ತೂ ಬಳಸುತ್ತಿದ್ದ ಪದ, ಆ ಕ್ಷಣಕ್ಕೆ ಬರಲಿಲ್ಲ. ಬಂದದ್ದು ಇನ್ನೊಂದು. ಅದನ್ನು ನುಂಗಿದಳು. ಕೊನೆಗೆ ಆಕೆಯ ಬಾಯಿಂದ ಹೊರಟದ್ದು ಇದು:

“ನಮ್ಮನೆಯವ್ರ ನಾಯಿ ಬತ್ತಾದೆ ಕಣ್ರಪ್ಪೋ. ನಮ್ಮನೆಯವ್ರ ನಾಯಿ ಕಣ್ರೋ.”

ಬೀದಿಯಲ್ಲಿ ಯಾರೂ ಕದಲಲಿಲ್ಲ. ಹುಚ್ಚೇಗೌಡರ ನಾಯಿ ಬಂದರೆ ಯಾರಿಗೇನು. ಕದಲಿದವನು ಅಪ್ಪ ಒಬ್ಬನೇ. ಅವನಿಗೆ ನಾಯಿಯೇ ಇರಲಿಲ್ಲ. ಹೊಗೆಸೊಪ್ಪಿನ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತ ಹೊರಗೆ ಬಂದ.

“ನಂಗ್ಯಾವ್ ನಾಯೇ?” ಎಂದು ಕೇಳುತ್ತ ಜಗಲಿಯ ಮೆಟ್ಟಿಲಿಳಿದ. ನಾಯಿ ಅವನ ಮೀನಖಂಡಕ್ಕೆ ಬಾಯಿ ಹಾಕಿತು.

ಗಾಡಿ ಕಟ್ಟಿಸಿಕೊಂಡು ಹುಣಸೂರಿನ ಆಸ್ಪತ್ರೆಗೆ ಹೋದೆವು. ಅಪ್ಪನನ್ನು ಗಾಯ ತೊಳೆಯಲು ಒಳಗೆ ಕರೆದುಕೊಂಡು ಹೋದರು. ಹೊರಗೆ ಮೇಜಿನ ಹಿಂದೆ ಕೂತಿದ್ದ ನರ್ಸಮ್ಮ ಚೀಟಿ ಬರೆಯಲು ಅಮ್ಮನನ್ನು ಕರೆದರು. ಹೊಕ್ಕುಳ ಸುತ್ತ ಸೂಜಿ ಹಾಕುತ್ತಿದ್ದ ಕಾಲ ಅದು. ನಾಯಿ ಯಾವ ತರದ್ದು ಎಂದು ಗೊತ್ತಾಗದೆ ಮುಂದಿನ ಕೆಲಸ ನಡೆಯುವಂತಿರಲಿಲ್ಲ.

“ಪೇಷಂಟ್ ಹೆಸರೇನಮ್ಮ?”

ಅಮ್ಮ ಸೆರಗು ಸರಿಮಾಡಿಕೊಂಡಳು.

“ಹೋಗ್ಲಿ, ಏನು ಕಚ್ಚಿದ್ದು?”

“ನಾಯಿ ಕಣವ್ವ.”

“ಎಂಥ ನಾಯಿ? ಸಾಕಿದ್ದಾ, ಬೀದೀದಾ, ಹುಚ್ಚಾ?”

“ನೀವು ಕಡೇಲಿ ಅಂದ್ರಲ್ಲ, ಅದು.”

“ಸರಿ. ಹೆಸರು?”

“ಅದೂ ಅದೇಯ.”

ನರ್ಸಮ್ಮ ಪೆನ್ನು ಕೆಳಗಿಟ್ಟರು. ನಾನು ಮುಂದೆ ಹೋಗಿ ಹೇಳಿದೆ. ‘ಹುಚ್ಚೇಗೌಡ’ ಎಂದು, ಹಕಾರವನ್ನು ಒತ್ತಿ. ಇದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ನಮ್ಮ ಕಡೆ ಪದದ ಮೊದಲ ಹಕಾರ ನಿಲ್ಲುವುದಿಲ್ಲ. ಹಳ್ಳಿ ಅಳ್ಳಿಯಾಗುತ್ತದೆ, ಹೆಸರು ಎಸ್ರಾಗುತ್ತದೆ. ಅಪ್ಪನ ಹೆಸರಿನ ಹಕಾರ ಬಿದ್ದರೆ ಏನು ಉಳಿಯುತ್ತದೆ ಎಂದು ಕನ್ನಡ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಶಾಲೆಯಲ್ಲಿ ನನ್ನ ಹೆಸರಿಗೆ ಅಪ್ಪನ ಹೆಸರು ಸೇರಿಸಿ ಹಾಜರಿ ಕರೆಯುವಾಗ ಆ ಹಕಾರ ಬಿದ್ದ ದಿನವೆಲ್ಲ ನಾನು ಜಗಳವಾಡಿ ಬಂದಿದ್ದೇನೆ. ಸಿಕ್ಕಸಿಕ್ಕವರ ಹಕಾರವನ್ನು ತಿದ್ದುವ ಚಾಳಿ ನನಗೆ ಹತ್ತಿದ್ದು ಹಾಗೆ. ಅದಕ್ಕೆ ಮುಂದೆ ಸಂಬಳ ಬಂತು. ಮನೆಯೊಳಗೆ ಆಡಬಾರದ ಹೆಸರು, ಹೊರಗೆ ತಪ್ಪಾಗಿ ಆಡುವ ಹೆಸರು. ನಡುವೆ ನಿಂತು ಸರಿಯಾಗಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಹುಚ್ಚನಿಗೆ ಹುಚ್ಚುನಾಯಿ ಕಚ್ಚಿದ ಸುದ್ದಿ ಬಿಳಿಕೆರೆಯವರೆಗೂ ಹೋಯಿತು. ಅಪ್ಪ ಸಂತೆಗೆ ಹೋಗುವುದನ್ನೇ ಸ್ವಲ್ಪ ಕಾಲ ಬಿಟ್ಟ. ಸೂಜಿಯ ನೋವಿಗಿಂತ ಆ ನಗು ಅವನಿಗೆ ಹೆಚ್ಚು ಉರಿಯುತ್ತಿತ್ತು. ಒಂದು ದಿನ ಊಟದ ಮುಂದೆ ಕೂತು ತಟ್ಟೆ ತಳ್ಳಿದ.

“ತಿಕ್ಕಲು ನಾಯಿ ಅನ್ನಕ್ಕೇನಾಗಿತ್ತೇ ನಿಂಗೆ? ದಿನಾ ಅಂತಿದ್ಯಲ್ಲ, ನನ್ನೂ ಸೇರ್ಸಿ.”

“ಬಾಯ್ಗೆ ಬರ್ನಿಲ್ಲ.”

“ಮತ್ತೇನ್ ಬಂತು?”

“ಆ ಒತ್ನಲ್ಲಿ ಬಾಯ್ಗೆ ಬಂದದ್ದು ನಿಮ್ಮೆಸ್ರೊಂದೇಯ. ಅದ ಆಡಂಗಿಲ್ವಲ್ಲ.”

ಅಪ್ಪ ತಟ್ಟೆಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡ. ಆ ವಿಷಯ ಮನೆಯಲ್ಲಿ ಅಲ್ಲಿಗೆ ಮುಗಿಯಿತು. ಅಪ್ಪ ಹೋಗಿ ಈಗ ಬಹಳ ವರ್ಷಗಳಾದವು, ಅಜ್ಜಿ ಅವನಿಗಿಂತ ಮುಂಚೆ ಹೋದಳು. ಪದ್ಧತಿಯನ್ನು ಕಾಯಲು ಯಾರೂ ಉಳಿದಿರಲಿಲ್ಲ. ಅಮ್ಮ ಮಾತ್ರ ಒಂದು ಪದವನ್ನೂ ಬದಲಿಸಲಿಲ್ಲ.

ಈ ಪದಗಳು ಮತ್ತೆ ಆಸ್ಪತ್ರೆಯ ಮೇಜಿಗೆ ಬಂದದ್ದು ಸಂಕ್ರಾಂತಿಗೆ ಮುಂಚೆ, ಮೈಸೂರಿನಲ್ಲಿ. ಲಕ್ವ ಹೊಡೆದವರಿಗೆ ಮಾತು ಕಲಿಸುವ ಹುಡುಗಿಯೊಬ್ಬಳು ಅಮ್ಮನ ಮುಂದೆ ಚಿತ್ರದ ಕಾರ್ಡುಗಳನ್ನು ಒಂದೊಂದಾಗಿ ಇಟ್ಟಳು. ಕಾಗೆ, ಕೊಡ, ಚಪ್ಪಲಿಗೆ ಅಮ್ಮ ಸರಿಯಾದ ಉತ್ತರ ಕೊಟ್ಟಳು. ಕಪ್ಪು ಬಣ್ಣದ ಕಾರ್ಡಿಗೆ ‘ಕತ್ತಲೆ’ ಎಂದಳು. ತಪ್ಪು. ಕರಿಬೇವಿನ ಚಿತ್ರಕ್ಕೆ ‘ಒಗ್ಗರಣೆ ಸೊಪ್ಪು’ ಎಂದಳು. ಅರ್ಧ ಅಂಕ. ಆಮೇಲೆ ಹುಡುಗಿ ನಗುತ್ತ ಕೇಳಿದಳು.

“ನಿಮ್ಮ ಯಜಮಾನರ ಹೆಸರೇನಮ್ಮ?”

ಅಮ್ಮ ಸೆರಗು ಸರಿಮಾಡಿಕೊಂಡಳು. ಹುಡುಗಿ ಸ್ವಲ್ಪ ಕಾದು ಸೊನ್ನೆ ಬರೆದಳು. ನನಗೆ ತಡೆಯಲಾಗಲಿಲ್ಲ. ಇದು ಮರೆವಲ್ಲ, ಇಷ್ಟು ವರ್ಷ ತಪ್ಪದೆ ನೆನಪಿಟ್ಟುಕೊಂಡದ್ದು ಎಂದು ವಿವರಿಸಿದೆ. ಹುಡುಗಿ ಕೇಳಿಸಿಕೊಂಡಳು. ಒಳ್ಳೆಯ ಹುಡುಗಿ.

“ಹಾಗಾದ್ರೆ ಮೇಡಂ, ಮನೇಲಿ ಅವರ ಪದಗಳನ್ನೇ ಹೇಳಿ. ಒಂದು ಸಿಕ್ಕಿದ್ರೆ ಅದರ ಹಿಂದೆ ಇನ್ನೊಂದು ಬರುತ್ತೆ. ಆದ್ರೆ ಬೇಜಾರಾಗಿ ಮಾತಾಡೋದನ್ನೇ ನಿಲ್ಲಿಸಿಬಿಟ್ರೆ ಮತ್ತೆ ತರೋದು ತುಂಬ ಕಷ್ಟ. ಅದೊಂದು ನೋಡ್ಕೊಳ್ಳಿ.”

ಹಾಗಾಗಿ ನಾನು ಗಾವಡಗೆರೆಯಲ್ಲೇ ಉಳಿದೆ. ಅಮ್ಮ ಅಲ್ಲಿ ನನ್ನ ತಮ್ಮ ಸ್ವಾಮಿ ಮತ್ತು ಅವನ ಹೆಂಡತಿ ಶೋಭಾಳ ಜೊತೆ ಇದ್ದಾಳೆ. ಶೋಭಾ ಬರುವ ಹೊತ್ತಿಗೆ ಪದ್ಧತಿ ಸಡಿಲವಾಗಿತ್ತು, ಅವಳಿಗೆ ಅಮ್ಮನ ಪದಗಳು ಅರೆಬರೆ ಗೊತ್ತು. ತಮ್ಮ ನನಗಿಂತ ಬಹಳ ಚಿಕ್ಕವನು, ಅಡುಗೆಮನೆಯ ಕಡೆ ಸುಳಿದವನಲ್ಲ. ಪೂರ್ತಿ ಬಲ್ಲವಳು ನಾನೊಬ್ಬಳೇ. ನಾನು ‘ಕತ್ತಲೆ ಹಸು’ ಎಂದರೆ ಅಮ್ಮ ‘ಕರು’ ಎನ್ನುತ್ತಿದ್ದಳು, ಸ್ವಲ್ಪ ತಡೆದು ‘ಆಲು’ ಎನ್ನುತ್ತಿದ್ದಳು. ‘ಈಜಾಡ್ಸು’ ಎಂದರೆ ನಕ್ಕು ‘ಅಪ್ಳ’ ಎನ್ನುತ್ತಿದ್ದಳು. ದಿನಕ್ಕಿಷ್ಟು ಮಾತು ಸೇರುತ್ತಿತ್ತು. ಆ ಸೋಮವಾರ ಹುಚ್ಚೆಳ್ಳಿನ ಪದಕ್ಕೆ ಬಂದು ಎಲ್ಲ ನಿಂತಿತು. ಮರುದಿನದಿಂದ ಅಮ್ಮ ತಲೆಯಾಡಿಸುವುದು, ಕೈ ತೋರಿಸುವುದು, ಇಷ್ಟೇ. ಬೇರೆ ಪದ ಹೇಳಿದರೂ ಪಟ್ಟು ಹಿಡಿದವಳಂತೆ ಬಾಯಿ ಬಿಗಿಹಿಡಿದಳು, ಊಟವನ್ನೂ ಅರ್ಧಕ್ಕೆ ಬಿಡುತ್ತಿದ್ದಳು.

ಆ ವಾರ ನನಗೆ ಬೇರೆ ಕೆಲಸವಿರಲಿಲ್ಲ. ಪದ ಮಕಾರದಿಂದ ಶುರುವಾಗುತ್ತದೆ ಎಂದು ಖಚಿತವಿತ್ತು. ನಡುವೆ ಒಂದು ಒತ್ತಕ್ಷರ. ಮೂರಕ್ಷರ, ಹೆಚ್ಚೆಂದರೆ ನಾಲ್ಕು. ಮ, ಮಾ, ಮಿ, ಮೀ ಎಂದು ಕಾಗುಣಿತದ ಬಳ್ಳಿ ಹಿಡಿದು ನಡೆದೆ. ಮೊಗ್ಗು ಬಂತು, ಮುತ್ತು ಬಂತು, ಮಿಡ್ಲ್ ಸ್ಕೂಲಿನ ಗೆಳತಿ ಮಲ್ಲಿಗಮ್ಮ ಬಂದಳು. ಯೋಚಿಸುವುದನ್ನು ಬಿಟ್ಟರೆ ತಾನೇ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಬಿಟ್ಟೆ. ಬರಲಿಲ್ಲ. ತಮ್ಮ ಮೊಬೈಲು ಹಿಡಿದು ಬಂದ.

“ಗೂಗಲ್‌ನಲ್ಲಿ ಐತೆ ಕಣಕ್ಕ. ಗುರೆಳ್ಳು.”

“ಅದು ಉತ್ತರ ಕರ್ನಾಟಕದ ಮಾತು ಕಣೋ. ಅಮ್ಮ ಆ ಕಡೆಗೆ ಯಾವತ್ತು ಹೋಗಿದ್ಲು?”

“ಇರ್ಲಿ, ಒಂದ್ಸಲ ಅಂದ್ ನೋಡು.”

ಹೇಳಿ ನೋಡಿದೆ. ಅಮ್ಮ ನನ್ನನ್ನು ನೋಡಿದ ನೋಟವನ್ನು ಬರೆಯುವುದು ಬೇಡ. ಅಲ್ಲಿಂದಾಚೆಗೆ ಮಕಾರದ ಪದವನ್ನು ನೆನೆದಾಗಲೆಲ್ಲ ಗುರೆಳ್ಳು ಬಂದು ಬಾಗಿಲಿಗೆ ಅಡ್ಡ ಕೂರತೊಡಗಿತು. ಕೊನೆಗೆ ಬೀಚನಹಳ್ಳಿಯಲ್ಲಿರುವ ಚಿಕ್ಕಮ್ಮನಿಗೆ, ಅಮ್ಮನ ತಂಗಿಗೆ, ಫೋನ್ ಮಾಡಿದೆ. ಅವಳು ಮೊದಲು ತನ್ನ ಮೊಮ್ಮಗನ ಸುದ್ದಿ ಹೇಳಿದಳು.

“ಅವ್ನೀಗ ರೆಸಾರ್ಟ್ ಕೆಲ್ಸ ಬುಟ್ಟ ಕಣ್ ಮಗ. ರಸಬಾಳೆ ಊರ್ನಲ್ಲಿ ಫ್ಯಾಕ್ಟ್ರೀಗೋಯ್ತಾನೆ.”

ಚಿಕ್ಕಪ್ಪನ ಹೆಸರು ನಂಜಪ್ಪ. ಆದ್ದರಿಂದ ಅವಳಿಗೆ ನಂಜನಗೂಡು ರಸಬಾಳೆ ಊರು. ನಾನು ಅಮ್ಮನ ಪದವನ್ನು ಕೇಳಿದೆ.

“ಹುಚ್ಚೆಳ್ಳಿಗೆ ಅಮ್ಮ ಏನಂತಿದ್ಲು ಚಿಕ್ಕಮ್ಮ? ನೀನು ಇಲ್ಲಿಗೆ ಬಂದಾಗೆಲ್ಲ ಕೇಳಿರ್ತೀಯ.”

“ನಾವು ಉಚ್ಚೆಳ್ಳು ಅಂತ್ಲೇ ಅನ್ನದು. ನಂಗೇನ್ ಬಾಧ್ಕ?”

“ನಿಂಗಲ್ಲ, ಅಮ್ಮಂಗೆ.”

“ಅವ್ಳ ಗಂಡನ್ ಎಸ್ರು ಅವ್ಳಿಗೆ, ನನ್ ಗಂಡನ್ ಎಸ್ರು ನಂಗೆ. ಅವ್ಳ್ ಮನೆ ಮಾತು ನಂಗೆಂಗೆ ಗೊತ್ತಾದ್ದು ಮಗ? ಅವ್ಳನ್ನೇ ಕೇಳು.”

ಅಕ್ಕನನ್ನು ಕೇಳಲಾಗದೆ ತಂಗಿಯನ್ನು ಕೇಳಿದ್ದೆ. ಆದರೆ ಚಿಕ್ಕಮ್ಮ ಹೇಳಿದ್ದು ಸರಿ. ಈ ಪದ ಯಾವ ಊರಿನದೂ ಅಲ್ಲ, ಯಾವ ನಿಘಂಟಿಗೂ ಬರುವುದಿಲ್ಲ. ಒಂದು ಮನೆಯಲ್ಲಿ ಒಬ್ಬಳು ಆಡಿದ್ದು. ಕೇಳಿಸಿಕೊಂಡವರಲ್ಲಿ ಉಳಿದವಳು ನಾನು.

ಫೋನ್ ಇಡುವ ಹೊತ್ತಿಗೆ ಅಡುಗೆಮನೆಯಿಂದ ಹುಚ್ಚೆಳ್ಳು ಹುರಿದ ವಾಸನೆ ಬರುತ್ತಿತ್ತು. ಶೋಭಾಳ ತಾಳ್ಮೆ ಮುಗಿದಿತ್ತು. ಬಿಸಿ ರೊಟ್ಟಿ, ಚಟ್ನಿ ಇದ್ದ ತಟ್ಟೆಯನ್ನು ಅಮ್ಮನ ಮುಂದೆ ಇಟ್ಟು ಅಲ್ಲೇ ಕೂತಳು.

“ಅತ್ತೆ, ಇದು ಹುಚ್ಚೆಳ್ ಚಟ್ನಿ. ನೀವು ಏನಾರ ಅನ್ಕಳಿ, ಮೊದ್ಲು ತಿನ್ನಿ. ನನ್ ಗಂಡನ್ ಹೆಸ್ರು ಸ್ವಾಮಿ. ನಾನೂ ನಿಮ್ಮಂಗೆ ಬಾಯಿ ಮುಚ್ಕಂಡ್ ಕುಂತಿದ್ರೆ, ಸ್ವಾಮಿ ಕಾಪಾಡಪ್ಪಾ ಅಂತ ದೇವ್ರಿಗೆ ಕೈ ಮುಗಿಯಂಗೂ ಇರ್ನಿಲ್ಲ.”

ಅಮ್ಮ ಚಟ್ನಿಯನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಆಮೇಲೆ ತಿಂದಳು. ಇನ್ನೊಂದು ರೊಟ್ಟಿಗೆ ತಟ್ಟೆ ಮುಂದೆ ಮಾಡಿದಳು. ಶೋಭಾ ಅಂದಿನಿಂದ ದಿನವೂ ಅದನ್ನೇ ಮಾಡಿದಳು, ದಿನವೂ ತಟ್ಟೆ ಇಡುವಾಗ ‘ಹುಚ್ಚೆಳ್ ಚಟ್ನಿ ಅತ್ತೆ’ ಎಂದಳು. ಹಾಗೆ ಹೇಳಬೇಡ, ಸ್ವಲ್ಪ ಕಾದು ನೋಡೋಣ, ನನಗೆ ನೆನಪಾಗುತ್ತದೆ ಎಂದು ನಾನು ಹೇಳಿದೆ.

“ನಿಮ್ಗೆ ನೆನಪಾಗೋ ತಂಕ ಅವ್ರು ಉಪವಾಸ ಇರ್ಬೇಕಾ ಅತ್ತಿಗೆ?” ಎಂದು ಶೋಭಾ ಕೇಳಿದಳು.

ಶಿವರಾತ್ರಿಗೆ ಮುಂಚಿನ ವಾರ ಮತ್ತೆ ಮೈಸೂರಿಗೆ ಹೋದೆವು. ಅದೇ ಹುಡುಗಿ, ಅದೇ ಮೇಜು. ಕಾರ್ಡು ತೆಗೆಯುವ ಮುಂಚೆ ಮಾತಿಗೆಂದು ಕೇಳಿದಳು.

“ಬೆಳಗ್ಗೆ ಏನು ತಿಂಡಿ ತಿಂದ್ರಿ ಅಮ್ಮ?”

“ರೊಟ್ಟಿ. ಉಚ್ಚೆಳ್ ಚಟ್ನಿ.”

ತಡವರಿಸಲಿಲ್ಲ, ಕೈ ಆಡಿಸಲಿಲ್ಲ. ಹುಡುಗಿಗೆ ಖುಷಿಯಾಯಿತು. ಕಪ್ಪು ಬಣ್ಣದ ಕಾರ್ಡು ಇಟ್ಟಳು. ಅಮ್ಮ ‘ಕರೀದು’ ಎಂದಳು. ಸರಿ ಗುರುತು ಬಿತ್ತು. ಹುಡುಗಿ ನನ್ನ ಕಡೆ ನೋಡಿ, ಕೇಳಲೇ ಎಂಬಂತೆ ಹುಬ್ಬೇರಿಸಿದಳು.

“ನಿಮ್ಮ ಯಜಮಾನರ ಹೆಸರೇನಮ್ಮ?”

“ಉಚ್ಚೇಗೌಡ.”

“ಹುಚ್ಚೇಗೌಡ,” ಎಂದು ನಾನು ತಿದ್ದಿದೆ.

ಅಮ್ಮ ನನ್ನ ಕಡೆ ಸಿಡುಕಿ ನೋಡಿದಳು.

“ಅದ್ನೇ ಅಲ್ವಾ ನಾ ಯೋಳಿದ್ದು.”

ಹುಡುಗಿ ಪೂರ್ತಿ ಅಂಕ ಕೊಟ್ಟಳು. ಇಷ್ಟು ಬೇಗ ಇಷ್ಟು ಸುಧಾರಣೆ ಕಂಡದ್ದು ಅಪರೂಪ ಎಂದಳು. ಹಿಂದಿರುಗುವಾಗ ಬಿಳಿಕೆರೆಯಲ್ಲಿ ತಮ್ಮ ಟೀ ಕುಡಿಯಲು ಕಾರು ನಿಲ್ಲಿಸಿದ. ಅವನು ಅಂಗಡಿಗೆ ಹೋದಾಗ ನಾನು ಅಮ್ಮನನ್ನು ಕೇಳಿದೆ.

“ಅಮ್ಮ, ಹುಚ್ಚೆಳ್ಳಿಗೆ ನೀನು ಮೊದ್ಲು ಬೇರೆ ಏನೋ ಅಂತಿದ್ಯಲ್ಲ. ಅಟ್ಟದ ಮ್ಯಾಲಿಂದ ಇಳಿಸು ಅಂತ ಕೂಗ್ತಿದ್ಯಲ್ಲ. ಏನದು?”

“ಉಚ್ಚೆಳ್ಳಿಗೆ ಇನ್ನೇನಂತಾರೆ? ಉಚ್ಚೆಳ್ಳು ಅಂತಾರೆ. ಓದ್ದೋಳು ನೀನು, ಅಷ್ಟೂ ಗೊತ್ತಿಲ್ವಾ?”

ಈಗ ಅಮ್ಮ ದಿನವಿಡೀ ಮಾತಾಡುತ್ತಾಳೆ. ನಾನು ಮೈಸೂರಿಗೆ ಮರಳಿದ್ದೇನೆ. ಮಕಾರದ ಪದ ನನಗೆ ಇನ್ನೂ ಸಿಕ್ಕಿಲ್ಲ. ನಿನ್ನೆ ಸಂಜೆ ತಮ್ಮ ಫೋನ್ ಮಾಡಿದ್ದ. ಅಮ್ಮ ಒಲೆಯ ಮುಂದೆ ತಾನೇ ಹೋಗಿ ಕೂತಳಂತೆ, ಹಿತ್ತಲಿನಿಂದ ಒಂದೆಸಳು ‘ಕರಿಬೇವು’ ತಾ ಎಂದು ಶೋಭಾಳಿಗೆ ಹೇಳಿದಳಂತೆ.